ಕುದುರೆ ರೇಸ್‌ನಲ್ಲಿ ಎಷ್ಟು ವಿಧ? ಮೊಬೈಲ್‌ನಲ್ಲಿ ಓಡೋದು ಯಾವ ಕುದುರೆ?

ಸಾಗರ / ಹೊಸನಗರ / ತೀರ್ಥಹಳ್ಳಿ: ಮಂಡಿಗೆ ಹೋಗಿ ‘ಅಡಿಕೆ ರೇಟ್ ಎಷ್ಟು?’ ಅಂತ ಕೇಳಿದರೆ ಒಂದೇ ಉತ್ತರ ಸಿಗಲ್ಲ. ಸರಕಾ, ಬೆಟ್ಟೆಯಾ, ರಾಶಿಯಾ, ಗೊರಬಲಾ ಅಂತ ತಿರುಗಿ ಕೇಳುತ್ತಾರೆ. ಕುದುರೆ ರೇಸ್ ಕೂಡ ಹಾಗೇ. ಎಷ್ಟು ದೂರದ ಓಟ, ಕುದುರೆಗೆ ಎಷ್ಟು ವಯಸ್ಸು, ಬೆನ್ನ ಮೇಲೆ ಎಷ್ಟು ತೂಕ ಅನ್ನೋದು ಗೊತ್ತಿಲ್ಲದೆ ‘ಯಾವುದು ಗೆಲ್ಲುತ್ತೆ’ ಅನ್ನುವ ಪ್ರಶ್ನೆಗೆ ಅರ್ಥವೇ ಇಲ್ಲ.

ಈ ಮೂರೂ ತಾಲೂಕುಗಳಲ್ಲಿ ರೇಸ್ ಕೋರ್ಸ್ ಇಲ್ಲ. ರಾಜ್ಯದ ರೇಸ್ ಕೋರ್ಸ್‌ಗಳಿರುವುದು ಬೆಂಗಳೂರು ಮತ್ತು ಮೈಸೂರಿನಲ್ಲಿ. ಆದರೆ ‘ರೇಸ್’ ಹೆಸರಿನ ಆಟ ಮಾತ್ರ ಮೊಬೈಲ್ ಇದ್ದಲ್ಲೆಲ್ಲ ತಲುಪಿದೆ. ಅಸಲಿ ಯಾವುದು, ನಕಲಿ ಯಾವುದು ಅಂತ ತಿಳಿಯಲು ಮೊದಲು ರೇಸ್‌ನ ಬಗೆಗಳನ್ನು ತಿಳಿಯಬೇಕು.

ಓಟದಲ್ಲಿ ಮುಖ್ಯವಾಗಿ ನಾಲ್ಕು ಬಗೆ

1. ಫ್ಲಾಟ್ ರೇಸ್: ಅಡೆತಡೆ ಇಲ್ಲದ ಸಮತಟ್ಟು ಟ್ರ್ಯಾಕ್‌ನ ಓಟ. ಬೆಂಗಳೂರು, ಮೈಸೂರಿನಲ್ಲಿ ನಡೆಯುವುದು ಇದೇ. ಓಡುವುದು ಥರೋಬ್ರೆಡ್ ತಳಿಯ ಕುದುರೆಗಳು. 1000 ಮೀಟರ್‌ನಿಂದ 1400 ಮೀಟರ್‌ವರೆಗಿನದು ವೇಗದ ಓಟ. 2400 ಮೀಟರ್ ಅಂದರೆ ದಮ್ಮಿನ ಪರೀಕ್ಷೆ.

2. ಜಂಪ್ ರೇಸ್: ಬೇಲಿ, ಕಂದಕ ಹಾರಿಕೊಂಡು ಓಡುವುದು. ಇಂಗ್ಲೆಂಡಿನ ಗ್ರ್ಯಾಂಡ್ ನ್ಯಾಷನಲ್ ಇದರಲ್ಲಿ ಹೆಸರಾಂತ. ಸುಮಾರು 7 ಕಿ.ಮೀ ಓಟ, 30 ಜಿಗಿತ.

3. ಗಾಡಿ ಓಟ: ಸವಾರ ಕುದುರೆ ಮೇಲೆ ಕೂರುವುದಿಲ್ಲ, ಹಿಂದೆ ಕಟ್ಟಿದ ಗಾಡಿಯಲ್ಲಿರುತ್ತಾನೆ. ನಮ್ಮ ಬೆಳಗಾವಿ, ಬಾಗಲಕೋಟೆ ಕಡೆಯ ಜಾತ್ರೆಗಳಲ್ಲಿ ಕುದುರೆ ಗಾಡಿ ಓಟ ಇದೆ.

4. ದೂರದ ಓಟ: ಒಂದೇ ದಿನದಲ್ಲಿ 160 ಕಿ.ಮೀವರೆಗೂ ಸಾಗುವ ಸ್ಪರ್ಧೆ. ದಾರಿಯ ನಡುನಡುವೆ ಪಶುವೈದ್ಯರು ಕುದುರೆಯನ್ನು ಪರೀಕ್ಷೆ ಮಾಡುತ್ತಾರೆ. ಪಾಸಾಗದಿದ್ದರೆ ಅಲ್ಲಿಗೇ ಓಟ ಮುಗಿಯಿತು.

ಫ್ಲಾಟ್ ರೇಸ್ ಒಳಗೆ ಮತ್ತೆ ವಿಭಾಗ

ಘಟ್ಟದ ಕೆಳಗಿನ ಕಂಬಳದಲ್ಲಿ ಹಗ್ಗ ಹಿರಿಯ, ನೇಗಿಲು ಕಿರಿಯ ಅಂತ ವಿಭಾಗ ಇರುವ ಹಾಗೆ ಇಲ್ಲೂ ಇದೆ.

ಮೇಡನ್: ಈವರೆಗೆ ಒಂದು ರೇಸ್ ಕೂಡ ಗೆಲ್ಲದ ಕುದುರೆಗಳಿಗೆ.

ಟರ್ಮ್ಸ್: ವಯಸ್ಸು, ಗಂಡು-ಹೆಣ್ಣು, ಹಿಂದಿನ ಗೆಲುವು ನೋಡಿ, ಮೊದಲೇ ಹೇಳಿದ ಷರತ್ತಿನಂತೆ ತೂಕ ಹೊರಿಸುವುದು.

ಹ್ಯಾಂಡಿಕ್ಯಾಪ್: ಜನ ಹೆಚ್ಚು ಎಡವುವುದು ಇಲ್ಲೇ. ಪ್ರತಿ ಕುದುರೆಗೂ ಅದರ ಓಟ ನೋಡಿ ರೇಟಿಂಗ್ ಅಂಕ ಕೊಟ್ಟಿರುತ್ತಾರೆ. ನಮ್ಮಲ್ಲಿ ಒಂದು ಅಂಕಕ್ಕೆ ಅರ್ಧ ಕೆ.ಜಿ ಲೆಕ್ಕ. 60 ಅಂಕದ ಕುದುರೆ ಮತ್ತು 40 ಅಂಕದ ಕುದುರೆ ಒಂದೇ ರೇಸ್‌ನಲ್ಲಿದ್ದರೆ, ಬಲವಾದದ್ದು 10 ಕೆ.ಜಿ ಹೆಚ್ಚು ಹೊರಬೇಕು. ಜಾಕಿ ಹಗುರ ಇದ್ದರೆ ಜೀನಿನ ಜೊತೆ ಸೀಸದ ತುಂಡು ಸೇರಿಸುತ್ತಾರೆ. ಓಟಕ್ಕೆ ಮೊದಲೂ ನಂತರವೂ ಜಾಕಿ ತಕ್ಕಡಿ ಹತ್ತಬೇಕು. ಕುದುರೆ ಗೆದ್ದರೆ ಅಂಕ ಏರುತ್ತದೆ, ಮುಂದಿನ ಸಲ ಹೊರೆಯೂ ಏರುತ್ತದೆ. ‘ಹೋದ ವಾರ ಗೆದ್ದಿದೆ, ಈ ವಾರವೂ ಗ್ಯಾರಂಟಿ’ ಅನ್ನುವ ಲೆಕ್ಕ ತಪ್ಪುವುದು ಇದಕ್ಕೇ.

ಕ್ಲಾಸಿಕ್: ದೊಡ್ಡ ಹೆಸರಿನ ಐದು ರೇಸ್‌ಗಳು. 1000 ಗಿನಿಸ್, 2000 ಗಿನಿಸ್, ಓಕ್ಸ್, ಡರ್ಬಿ ಮತ್ತು ಸೇಂಟ್ ಲೆಜರ್. ಇವುಗಳಲ್ಲಿ 1000 ಗಿನಿಸ್ ಮತ್ತು ಓಕ್ಸ್ ಹೆಣ್ಣು ಕುದುರೆಗಳಿಗೆ ಮಾತ್ರ. ಮುಂಬೈನ ಮಹಾಲಕ್ಷ್ಮಿಯಲ್ಲಿ ನಡೆಯುವ ಇಂಡಿಯನ್ ಡರ್ಬಿ 1943ರಲ್ಲಿ ಶುರುವಾಯಿತು. ಅದರಲ್ಲಿ ಓಡುವುದು 4 ವರ್ಷದ ಕುದುರೆಗಳು. ಬೆಂಗಳೂರು, ಮೈಸೂರಿಗೂ ತಮ್ಮದೇ ಡರ್ಬಿ ಇವೆ. ಇನ್ನೊಂದು ವಿಷಯ, ನಮ್ಮ ದೇಶದ ರೇಸ್ ಕುದುರೆ ಯಾವ ತಿಂಗಳಲ್ಲಿ ಹುಟ್ಟಿದ್ದರೂ ಲೆಕ್ಕಕ್ಕೆ ಅದರ ಹುಟ್ಟುಹಬ್ಬ ಜನವರಿ 1.

ಮೊಬೈಲ್‌ನಲ್ಲಿ ಓಡೋದು ಯಾವುದು?

ಕೆಲವು ಆ್ಯಪ್, ವೆಬ್‌ಸೈಟ್‌ಗಳಲ್ಲಿ ಕೆಲವೇ ನಿಮಿಷಕ್ಕೊಂದು ‘ರೇಸ್’ ಓಡುತ್ತದೆ. ಅದು ವರ್ಚುವಲ್ ರೇಸ್, ಅಂದರೆ ಕಂಪ್ಯೂಟರ್ ಚಿತ್ರ. ಅಲ್ಲಿ ಕುದುರೆಯೂ ಇಲ್ಲ, ಜಾಕಿಯೂ ಇಲ್ಲ, ತಕ್ಕಡಿಯೂ ಇಲ್ಲ. ಯಾರು ಗೆಲ್ಲಬೇಕು ಅನ್ನೋದನ್ನು ಸಾಫ್ಟ್‌ವೇರ್ ತೀರ್ಮಾನಿಸುತ್ತದೆ. ಮೇಲೆ ಹೇಳಿದ ಯಾವ ಲೆಕ್ಕವೂ ಅಲ್ಲಿ ನಡೆಯಲ್ಲ.

‘ಕುದುರೆ ರೇಸ್ ಜೂಜಲ್ಲ, ಸುಪ್ರೀಂ ಕೋರ್ಟೇ ಹೇಳಿದೆ’ ಅನ್ನುವವರಿದ್ದಾರೆ. 1996ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕೌಶಲದ ಆಟ ಅಂದದ್ದು ನಿಜ. ಆದರೆ ಕುದುರೆಯ ಸಾಮರ್ಥ್ಯ, ತರಬೇತಿ, ಜಾಕಿಯ ಜಾಣ್ಮೆ ನೋಡಿ ಹೇಳಿದ ಮಾತದು. ಚಿತ್ರದ ಕುದುರೆಗೆ ಅದು ಹೊಂದುವುದಿಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ನಿಷೇಧದ ಕಾಯ್ದೆಗೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿದೆ.

ಅಂಗಡಿಯವರು ಗಮನಿಸಬೇಕಾದ್ದು

» ನಮ್ಮ ರಾಜ್ಯದಲ್ಲಿ ಲೈಸೆನ್ಸ್ ಇರುವ ರೇಸ್ ವ್ಯವಸ್ಥೆಯ ಒಳಗಷ್ಟೇ ಬೆಟ್ಟಿಂಗ್‌ಗೆ ಅವಕಾಶ. ಅಂಗಡಿ ಮೂಲೆಯಲ್ಲಿ ಚೀಟಿ ಬರೆಯುವುದು ಕರ್ನಾಟಕ ಪೊಲೀಸ್ ಕಾಯ್ದೆಯಡಿ ಜೂಜು. ಆಡಿದವರಷ್ಟೇ ಅಲ್ಲ, ಗೊತ್ತಿದ್ದೂ ಜಾಗ ಕೊಟ್ಟವರ ಮೇಲೂ ಕೇಸ್ ಆಗಬಹುದು.

» ಲೈಸೆನ್ಸ್ ಇರುವ ಕಡೆಯೂ ಲಾಭ ಸುಲಭವಲ್ಲ. ಟೋಟ್ ಪದ್ಧತಿಯಲ್ಲಿ ಎಲ್ಲರ ಹಣ ಒಂದು ಕಡೆ ಸೇರುತ್ತದೆ. ಅದರಲ್ಲಿ ಒಂದು ಪಾಲು ಮುರಿದುಕೊಂಡು, ಉಳಿದದ್ದನ್ನು ಗೆದ್ದವರಿಗೆ ಹಂಚುತ್ತಾರೆ. ಜಿಎಸ್‌ಟಿ ಬೇರೆ. 2025ರ ಸೆಪ್ಟೆಂಬರ್ 22ರಿಂದ ಅದು ಶೇ.40.

» ‘ನಿಮ್ಮ ಕ್ಯೂಆರ್ ಕೋಡ್‌ಗೆ ದುಡ್ಡು ಹಾಕಿಸ್ತೀನಿ, ಕ್ಯಾಶ್ ಕೊಡಿ’ ಅನ್ನುವ ಅಪರಿಚಿತರ ಬಗ್ಗೆ ಎಚ್ಚರ. ಅದು ಬೆಟ್ಟಿಂಗ್ ಅಥವಾ ವಂಚನೆಯ ಹಣವಾಗಿದ್ದರೆ ತನಿಖೆ ವೇಳೆ ಅಂಗಡಿಯ ಖಾತೆಯೇ ಫ್ರೀಜ್ ಆಗಬಹುದು. ಬಾಡಿಗೆ, ಸಪ್ಲೈಯರ್ ಬಿಲ್ಲು ಎಲ್ಲ ನಿಂತುಹೋಗುತ್ತದೆ.

» ‘ಗೆದ್ದ ಹಣ ಬೇಕಾದರೆ ಮೊದಲು ಇಷ್ಟು ಕಟ್ಟಿ’ ಅಂದರೆ ಅದು ಮೋಸ. ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಯಾರಾದರೂ ಮೊಬೈಲ್ ತೋರಿಸಿ ‘ರೇಸ್’ ಅಂದರೆ ಮೂರೇ ಪ್ರಶ್ನೆ ಸಾಕು. ಯಾವ ಊರಿನ ರೇಸ್ ಕೋರ್ಸ್? ಎಷ್ಟು ಮೀಟರ್? ಕುದುರೆ ಮೇಲೆ ಎಷ್ಟು ತೂಕ? ಇದಕ್ಕೆ ಉತ್ತರ ಇಲ್ಲ ಅಂದರೆ ಅಲ್ಲಿ ಓಡುತ್ತಿರುವುದು ಕುದುರೆಯಲ್ಲ, ನಿಮ್ಮ ದುಡ್ಡು.