ದಿನಕ್ಕೊಂದು ಟನ್ ಎತ್ತುವ ಅಜ್ಜಿ

ನಿಮ್ಮ ಮನೆಯ ಅಜ್ಜಿಯ ತೂಕ 60 ಕಿಲೋ ಎಂದಿಟ್ಟುಕೊಳ್ಳಿ. ಅವರು ಕುರ್ಚಿಯಿಂದ ಏಳುವಾಗ, ಮೊಣಕಾಲಿನ ಕೆಳಗಿನದನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, 50 ಕಿಲೋಗೆ ಕಡಿಮೆಯಿಲ್ಲದ ಭಾರ ಮೇಲೇಳುತ್ತದೆ. ದೇವರ ದೀಪಕ್ಕೆ, ನೀರಿಗೆ, ಬಚ್ಚಲಿಗೆ, ಬಾಗಿಲು ತಟ್ಟಿದವರಿಗೆ ಎಂದು ದಿನಕ್ಕೆ 20 ಸಲ ಎದ್ದರೆ 1,000 ಕಿಲೋ ಆಯಿತು. 25 ಕಿಲೋ ಅಕ್ಕಿಯ 40 ಮೂಟೆ! ವರ್ಷಕ್ಕೆ 365 ಟನ್. ಜಂಬೂಸವಾರಿಯ ಆನೆ ಸುಮಾರು 5 ಟನ್ ತೂಗುತ್ತದೆ. ಅಂಥ 73 ಆನೆಗಳ ಭಾರವನ್ನು ಅಜ್ಜಿ ವರ್ಷದಲ್ಲಿ ಯಾರಿಗೂ ಗೊತ್ತಾಗದಂತೆ ಎತ್ತಿ ಇಳಿಸಿರುತ್ತಾರೆ.

ಒಂದು ದಿನ ಬಚ್ಚಲಲ್ಲಿ ಆಯ ತಪ್ಪುತ್ತದೆ. ಮೂಳೆಗೇನೂ ಆಗಿಲ್ಲ, ಮೊಣಕೈ ತರಚಿದೆ, ಅಷ್ಟೆ. ಮರುದಿನದಿಂದ ಮನೆಯಲ್ಲಿ ಒಂದೇ ಮಾತು: "ಏಳ್ಬೇಡಿ ಅಜ್ಜಿ, ನಾನೇ ತಂದ್ಕೊಡ್ತೀನಿ." ಅಜ್ಜಿಗೂ ಒಳಗೊಳಗೇ ಪುಕಪುಕ. ಒಂದು ಟನ್ನಿನ ದಿನಗೆಲಸ ಅಲ್ಲಿಗೆ ನಿಂತಿತು.

ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಮಂದಿ ಬಿದ್ದು ಸಾಯುತ್ತಾರೆ. ಅವರಲ್ಲಿ 60 ದಾಟಿದವರೇ ಹೆಚ್ಚು. ಎಲ್ಲ ವಯಸ್ಸಿನವರೂ ಸೇರಿ, ಚಿಕಿತ್ಸೆ ಬೇಕಾಗುವಷ್ಟು ಜೋರಾಗಿ ಬೀಳುವುದು ವರ್ಷಕ್ಕೆ 3.73 ಕೋಟಿ ಸಲ. ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು!

ಆದರೆ ಹೆದರಿಕೆ ಕಾಲಿನ ಬಲ ನೋಡಿಕೊಂಡು ಬರುವುದಿಲ್ಲ. ಸಿಡ್ನಿಯಲ್ಲಿ 70 ದಾಟಿದ 500 ಜನರ ಬೀಳುವ ಅಪಾಯವನ್ನೂ ಬೀಳುವ ಭಯವನ್ನೂ ಬೇರೆ ಬೇರೆಯಾಗಿ ಅಳೆದರು. 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ, 54 ಮಂದಿಗೆ ಅಪಾಯ ಕಡಿಮೆ, ಭಯ ಹೆಚ್ಚು; 100 ಮಂದಿಗೆ ಅಪಾಯ ಹೆಚ್ಚು, ಭಯ ಕಡಿಮೆ. ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರ ಮನಸ್ಸಿಗೂ ಕಾಲಿಗೂ ತಾಳೆಯೇ ಇಲ್ಲ. ಇನ್ನೂ ಒಂದು ಮಾತಿದೆ: ದುರ್ಬಲ ಕಾಲಿನಂತೆ ಭಯವೂ ತನ್ನ ಪಾಲಿಗೆ ಮುಂದೆ ಬೀಳುವ ಸಾಧ್ಯತೆಯನ್ನು ಹೆಚ್ಚಿಸಿತ್ತು.

ಭಯ ಜನರನ್ನು ಬೀಳಿಸುವ ಒಂದು ದಾರಿ ಎಂದರೆ ಅವರನ್ನು ಕೂರಿಸುವುದು. ಸರಾಸರಿ 67 ವರ್ಷದ ಆರೋಗ್ಯವಂತರನ್ನು ಅಮೆರಿಕದ ಒಂದು ಅಧ್ಯಯನದಲ್ಲಿ 10 ದಿನ ಹಾಸಿಗೆ ಬಿಟ್ಟು ಏಳದಂತೆ ಇರಿಸಿದ್ದರು. ಕೊಬ್ಬನ್ನು ಬಿಟ್ಟು, ಕಾಲುಗಳ ತೂಕವೇ ಸುಮಾರು ಒಂದು ಕಿಲೋ ಇಳಿದಿತ್ತು. ಕುರ್ಚಿ ಹಾಸಿಗೆಯಷ್ಟು ಅವಸರ ಮಾಡುವುದಿಲ್ಲ. ಕೊಂಡೊಯ್ಯುವುದು ಮಾತ್ರ ಅತ್ತಲೇ.

ಹೋದದ್ದು ಮರಳುತ್ತದೆಯೇ? 1990ರಲ್ಲಿ ಪ್ರಕಟವಾದ ಬಾಸ್ಟನ್ನಿನ ಪ್ರಯೋಗ ನೋಡಿ. 90ರ ಆಸುಪಾಸಿನ 10 ಮಂದಿಗೆ, ತಜ್ಞರ ಕಣ್ಗಾವಲಿನಲ್ಲಿ, 8 ವಾರ ಕಾಲಿನಿಂದ ಭಾರ ಎತ್ತಿಸಿದರು. ಕೊನೆಯವರೆಗೆ ಉಳಿದ 9 ಮಂದಿಯ ತೊಡೆಯ ಬಲ ಸರಾಸರಿ ಶೇ. 174ರಷ್ಟು ಏರಿತು. 10 ಕಿಲೋ ಎತ್ತುತ್ತಿದ್ದ ಕಾಲು 27 ಕಿಲೋ ಎತ್ತಿದಂತೆ! ಇಬ್ಬರು ಊರುಗೋಲನ್ನೇ ಬಿಟ್ಟರು. ಆದರೆ ಅಭ್ಯಾಸ ನಿಲ್ಲಿಸಿದ 4 ವಾರಗಳಲ್ಲೇ ಬಲ ಶೇ. 32ರಷ್ಟು ಕುಸಿಯಿತು. ಕಾಲು ದಿನಗೂಲಿಯವನಿದ್ದಂತೆ, ಕೆಲಸ ನಿಂತರೆ ಕೂಲಿಯೂ ನಿಲ್ಲುತ್ತದೆ.

ಇದು ಒಂದೇ ಊರಿನ ಪವಾಡವಲ್ಲ. 25 ದೇಶಗಳ 108 ಪ್ರಯೋಗಗಳನ್ನು, 23,407 ಹಿರಿಯರ ಅನುಭವವನ್ನು 2019ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ವ್ಯಾಯಾಮದಿಂದ ಬೀಳುವುದು ಶೇ. 23ರಷ್ಟು ತಗ್ಗಿತ್ತು. ಸಮತೋಲನದ ಅಭ್ಯಾಸಕ್ಕೆ ಬಲದ ಅಭ್ಯಾಸವೂ ಸೇರಿದರೆ ಇಳಿಕೆ ಶೇ. 34ರ ಹತ್ತಿರ.

ಹಾಗಾಗಿ ಬಚ್ಚಲಿಗೊಂದು ಹಿಡಿಕೆ ಹಾಕಿಸಿ, ರಾತ್ರಿ ನಡುಮನೆಯಲ್ಲೊಂದು ಸಣ್ಣ ದೀಪ ಉರಿಯಲಿ, ಬಿದ್ದದ್ದು ಯಾಕೆಂದು ಡಾಕ್ಟರರಲ್ಲಿ ಒಮ್ಮೆ ಕೇಳಿ. ಅಡುಗೆಕಟ್ಟೆ ಹಿಡಿದು ಹತ್ತು ಸಲ ಹಿಮ್ಮಡಿ ಎತ್ತಿ ಇಳಿಸಲು ಅಜ್ಜಿಗೆ ಜೊತೆಯಾಗಿ. ನಾಳೆ ಅವರು ನೀರು ಕೇಳಿದಾಗ ಲೋಟ ತರಲು ಓಡಬೇಡಿ. "ಬನ್ನಿ ಅಜ್ಜಿ, ಹೋಗೋಣ" ಎಂದು ಪಕ್ಕದಲ್ಲಿ ನಿಲ್ಲಿ. ಲೋಟದ ನೀರಿನ ತೂಕ 200 ಗ್ರಾಂ. ಅದನ್ನು ನೀವೇ ತಂದುಕೊಟ್ಟರೆ ಅಜ್ಜಿಯ 50 ಕಿಲೋ ಕುರ್ಚಿಯಲ್ಲೇ ಉಳಿಯಿತು.