ಬಳ್ಳೊಳ್ಳಿ ನಮ್ಮದೇ, ಪಾವ್ ಬೇಕರಿಯದು

ಕಲಬುರಗಿಗೆ ಹೋದ ಮಕ್ಕಳು ಪಿಜ್ಜಾ ಅಂಗಡಿಯಲ್ಲಿ ಗಾರ್ಲಿಕ್ ಬ್ರೆಡ್ ರುಚಿ ನೋಡಿ ಬಂದರೆ ಸಾಕು, ಮರುದಿನ ಶಹಾಬಾದ, ವಾಡಿ, ಸೇಡಂನ ಅಡುಗೆಮನೆಗಳಲ್ಲಿ ಅದೇ ರಾಗ. ತಾಯಂದಿರ ಮೊದಲ ಉತ್ತರವೂ ಸಿದ್ಧವೇ: 'ನಮ್ಮನ್ಯಾಗ ಓವನ್ ಎಲ್ಲಿ ಅದ?' ಓವನ್ ಇಲ್ಲದಿದ್ದರೂ ನಡೆಯುತ್ತದೆ. ಈ ತಿನಿಸಿನ ಹಣೆಬರಹ ನಿಂತಿರುವುದು ಬೆಳ್ಳುಳ್ಳಿಯನ್ನು ಎಷ್ಟು ಜಜ್ಜಬೇಕು, ಎಷ್ಟು ಕಾಯಿಸಬೇಕು ಎಂಬುದರ ಮೇಲೆ. ಆ ವಿದ್ಯೆ ಈ ಸೀಮೆಯ ಹೆಣ್ಣುಮಕ್ಕಳಿಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ.

ಸುಟ್ಟ ಬ್ರೆಡ್ಡಿನ ಮೇಲೆ ಬೆಳ್ಳುಳ್ಳಿ ಎಸಳು ಉಜ್ಜಿ, ಆಲಿವ್ ಎಣ್ಣೆ ಸುರಿದು ತಿನ್ನುವ ರೂಢಿ ಇಟಲಿಯದು. ಅಲ್ಲಿಂದ ಅಮೆರಿಕಕ್ಕೆ ವಲಸೆ ಹೋದವರ ಕೈಯಲ್ಲಿ ಎಣ್ಣೆಯ ಜಾಗಕ್ಕೆ ಬೆಣ್ಣೆ ಬಂತು, ಇಪ್ಪತ್ತನೆಯ ಶತಮಾನದ ನಡುಭಾಗದ ಹೊತ್ತಿಗೆ ಅದು ಅಲ್ಲಿನ ಹೋಟೆಲುಗಳ ಮಾಮೂಲು ತಿನಿಸಾಯಿತು. ಡೊಮಿನೋಸ್ ಭಾರತದಲ್ಲಿ ತನ್ನ ಮೊದಲ ಅಂಗಡಿ ತೆರೆದದ್ದು 1996ರಲ್ಲಿ, ದೆಹಲಿಯಲ್ಲಿ. ಪಿಜ್ಜಾದ ಬೆನ್ನು ಹತ್ತಿ ಬೆಳ್ಳುಳ್ಳಿ ಬ್ರೆಡ್ಡೂ ಊರೂರಿಗೆ ಇಳಿಯಿತು.

ಅದು ಬರುವ ಎಷ್ಟೋ ಮೊದಲೇ ಚಿತ್ತಾಪುರ, ಚಿಂಚೋಳಿ ಕಡೆಯ ಹೊಲದ ಬುತ್ತಿಯಲ್ಲಿ ಜೋಳದ ರೊಟ್ಟಿ ಇತ್ತು, ಅದರ ಮೇಲೆ ಬಳ್ಳೊಳ್ಳಿ ಖಾರ ಇತ್ತು, ಖಾರದ ನಡುವೆ ಕುಳಿ ಮಾಡಿ ಹಾಕಿಕೊಂಡ ಕುಸುಬಿ ಎಣ್ಣೆ ಇತ್ತು. ಶೇಂಗಾ ಹಿಂಡಿ, ಅಗಸಿ ಹಿಂಡಿ, ಪುಂಡಿಪಲ್ಯದ ಒಗ್ಗರಣೆ, ಯಾವುದೂ ಬಳ್ಳೊಳ್ಳಿ ಬಿಟ್ಟು ಇಲ್ಲ. 'ಉರಿ ಸಣ್ಣ ಮಾಡವ್ವಾ, ಬಳ್ಳೊಳ್ಳಿ ಕರ್ರಗಾಗ್ತದ' ಎಂದು ಒಲೆಯ ಮುಂದೆ ಕೇಳುವ ಮಾತೇ ಗಾರ್ಲಿಕ್ ಬ್ರೆಡ್ಡಿಗೂ ಮೊದಲ ಪಾಠ.

ರೈಲು ಹಾದಿಯ ಪಾವ್

ಮುಂಬೈಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ ಶಹಾಬಾದ, ವಾಡಿ ದಾಟಿ ರಾಯಚೂರು ಮುಟ್ಟಿದ್ದು 1871ರಲ್ಲಿ. ವಾಡಿಯಿಂದ ಚಿತ್ತಾಪುರ, ಸೇಡಂ ಮೇಲೆ ಹಾದು ಹೈದರಾಬಾದಿನ ಕಡೆಗೆ ಹೋಗುವ ನಿಜಾಮರ ರೈಲು 1874ರಲ್ಲಿ ಓಡತೊಡಗಿತು. ಈ ಹಾದಿಯ ಒಂದು ತುದಿ ವಡಾಪಾವಿನ ಮುಂಬೈ, ಇನ್ನೊಂದು ತುದಿ ಇರಾನಿ ಚಹಾ, ಬನ್‌ಮಸ್ಕಾದ ಹೈದರಾಬಾದ್. ಮುಂದೆ ಶಹಾಬಾದ, ವಾಡಿ, ಸೇಡಂ, ಮಳಖೇಡಗಳಲ್ಲಿ ಸಿಮೆಂಟ್ ಕಾರ್ಖಾನೆಗಳೆದ್ದು, ಪಾಳಿ ಮುಗಿಸಿ ಬರುವವರ ಚಹಾಕ್ಕೆ ಪಾವ್ ಜೊತೆಯಾಯಿತು. ಚಿಂಚೋಳಿಗೆ ಮಾತ್ರ ರೈಲಿಲ್ಲ, ಬಸ್ಸೇ ಗತಿ. ಆದರೂ ಪಾವಿಗೆ ಅಲ್ಲಿಯೂ ಬರವಿಲ್ಲ.

ಗಾರ್ಲಿಕ್ ಬ್ರೆಡ್ಡಿಗೆ ಪ್ಲಾಸ್ಟಿಕ್ ಚೀಲದ ಸಿಹಿ ಬ್ರೆಡ್ಡಿಗಿಂತ ಈ ಪಾವೇ ಮೇಲು. ಸಕ್ಕರೆ ಹೆಚ್ಚಿರುವ ಬ್ರೆಡ್ ತವೆ ಮುಟ್ಟುತ್ತಲೇ ಕಂದು ತಿರುಗುತ್ತದೆ, ಒಳಗಿನ ಬೆಳ್ಳುಳ್ಳಿ ಇನ್ನೂ ಹಸಿಯಾಗಿಯೇ ಇರುತ್ತದೆ. ಪಾವ್ ಕೂಡ ಅಂದೇ ಒಲೆಯಿಂದ ಇಳಿದದ್ದು ಬೇಡ. ಬಿಸಿ ಪಾವಿನಲ್ಲಿ ತೇವ ಜಾಸ್ತಿ. ಬೆಣ್ಣೆ ಸವರುವಷ್ಟರಲ್ಲಿ ಮುದ್ದೆಯಾಗುತ್ತದೆ. ನಿನ್ನೆಯದಾದರೆ ಮೈ ಒಣಗಿ, ಬೆಣ್ಣೆಯನ್ನು ಹದವಾಗಿ ಹೀರಿ ಗರಿಗರಿಯಾಗುತ್ತದೆ.

ಜಜ್ಜಿದ ಮೇಲೆ ಹತ್ತು ನಿಮಿಷ

ಸುಲಿದಿಟ್ಟ ಎಸಳಿಗೆ ಅಂಥ ವಾಸನೆಯಿಲ್ಲ. ಕಲ್ಲಿನ ಏಟು ಬಿದ್ದಾಗಲೇ ಘಾಟು ಏಳುವುದು. ಎಸಳಿನ ಜೀವಕೋಶಗಳಲ್ಲಿ ಬೇರೆ ಬೇರೆಯಾಗಿದ್ದ ಅಲಿಯಿನ್ ಎಂಬ ಗಂಧಕದ ಸಂಯುಕ್ತವೂ ಅಲಿನೇಸ್ ಎಂಬ ಕಿಣ್ವವೂ ಜಜ್ಜಿದಾಗ ಒಂದಕ್ಕೊಂದು ಕೂಡಿ ಅಲಿಸಿನ್ ಹುಟ್ಟುತ್ತದೆ. ಈ ಅಲಿಸಿನ್ನನ್ನು 1944ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿಗಳಾದ ಕವಲಿಟೊ ಮತ್ತು ಬೇಲಿ ಬೇರ್ಪಡಿಸಿ ತೋರಿಸಿದರು. ಬಿಸಿ ತಾಗಿದರೆ ಕಿಣ್ವ ಸತ್ತುಹೋಗುತ್ತದೆ. ಇಡೀ ಎಸಳನ್ನು ಸುಟ್ಟರೆ ಸಿಹಿಯಾಗಿ ಬೆಣ್ಣೆಯಂತೆ ಮೆತ್ತಗಾಗುವುದು ಇದೇ ಕಾರಣಕ್ಕೆ. ಘಾಟು ಬೇಕೆನ್ನುವವರು ಜಜ್ಜಿ ಹತ್ತು ನಿಮಿಷ ಬಿಟ್ಟು ಆಮೇಲೆ ಬೆಣ್ಣೆಗೆ ಕಲಸಬೇಕು. ಮಕ್ಕಳಿಗೆ ಸೌಮ್ಯವಾಗಿರಲಿ ಎನ್ನುವವರು ಅರ್ಧ ಪಾಲು ಹಸಿಯದು, ಅರ್ಧ ಪಾಲು ಸುಟ್ಟದ್ದು ಸೇರಿಸಿದರೆ ಸರಿಹೋಗುತ್ತದೆ.

ಸಣ್ಣ ಎಸಳಿನ ಜವಾರಿ ಬಳ್ಳೊಳ್ಳಿ ಸುಲಿಯಲು ಬೇಸರ ತರಿಸಿದರೂ ಖಾರದಲ್ಲಿ ಮುಂದು. ದೊಡ್ಡ ಎಸಳಿನದು ಎಂಟು ಬೇಕಾದಲ್ಲಿ ಇದರದು ಹನ್ನೆರಡು ಎಣಿಸಿಕೊಳ್ಳಬಹುದು. ದೇಶದಲ್ಲಿ ಅತಿ ಹೆಚ್ಚು ಬೆಳ್ಳುಳ್ಳಿ ಬೆಳೆಯುವುದು ಮಧ್ಯಪ್ರದೇಶ. ಮಂದಸೌರ್, ನೀಮಚ್ ಮಂಡಿಗಳಲ್ಲಿ ಆವಕ ಕುಸಿದರೆ ಅದರ ಬಿಸಿ ಇಲ್ಲಿಯ ಸಂತೆಗೂ ತಟ್ಟುತ್ತದೆ. 2024ರ ಆರಂಭದಲ್ಲಿ ಹಲವು ಊರುಗಳಲ್ಲಿ ಕಿಲೋ ಬೆಳ್ಳುಳ್ಳಿಯ ದರ 400 ರೂಪಾಯಿ ಮುಟ್ಟಿತ್ತು.

ಬೆಣ್ಣೆಯ ಲೆಕ್ಕ

ನಾಲ್ಕು ಪಾವಿಗೆ 50 ಗ್ರಾಂ ಬೆಣ್ಣೆ, ಎಂಟು ಎಸಳು ಬೆಳ್ಳುಳ್ಳಿ, ಒಂದು ಹಿಡಿ ಸಣ್ಣಗೆ ಹೆಚ್ಚಿದ ಕೊತ್ತಂಬರಿ, ಚಿಟಿಕೆ ಕೆಂಪು ಮೆಣಸಿನಕಾಯಿ ತರಿ. ಅಂಗಡಿಯ ಬೆಣ್ಣೆಯಲ್ಲಿ ಸಾಮಾನ್ಯವಾಗಿ ಉಪ್ಪು ಇರುತ್ತದೆ, ಮತ್ತೆ ಹಾಕುವ ಮುನ್ನ ನಾಲಿಗೆಗೆ ಇಟ್ಟು ನೋಡಬೇಕು. ಮನೆಯಲ್ಲಿ ಕಡೆದ ಬೆಣ್ಣೆಯಾದರೆ ಮಜ್ಜಿಗೆಯ ಅಂಶ ಉಳಿದಿರುತ್ತದೆ. ಅದು ತವೆಯ ಮೇಲೆ ಚಿಟಪಟ ಸಿಡಿಯುತ್ತದೆ, ಪಾವನ್ನೂ ಒದ್ದೆ ಮಾಡುತ್ತದೆ. ಅಂಥಲ್ಲಿ ಅರ್ಧ ಬೆಣ್ಣೆ, ಅರ್ಧ ತುಪ್ಪ ಬೆರೆಸುವುದು ಜಾಣತನ. ತುಪ್ಪದಲ್ಲಿ ನೀರಿಲ್ಲದ ಕಾರಣ ಅಂಚು ಚೆನ್ನಾಗಿ ಗರಿಯಾಗುತ್ತದೆ.

ಒರೆಗಾನೊ ಪೊಟ್ಟಣ ಸಿಗದಿದ್ದರೆ ಚಿಂತೆ ಬೇಡ. ಅದರ ಪರಿಮಳಕ್ಕೆ ಕಾರಣವಾದ ಕಾರ್ವಕ್ರಾಲ್, ಥೈಮಾಲ್‌ಗಳಲ್ಲಿ ಎರಡನೆಯದು ನಮ್ಮ ಅಜವಾನದಲ್ಲಿ ಧಾರಾಳವಾಗಿದೆ. ನಾಲ್ಕು ಪಾವಿಗೆ ಕಾಲು ಚಮಚ ಅಜವಾನವನ್ನು ಅಂಗೈಯಲ್ಲಿ ತಿಕ್ಕಿ ಹಾಕಿದರೆ ಆಯಿತು, ಹೆಚ್ಚಾದರೆ ಕಷಾಯದ ವಾಸನೆ ಬರುತ್ತದೆ.

ಮುಂದಿನದು ತವೆಯ ಕೆಲಸ. ಪಾವನ್ನು ಪೂರ್ತಿ ಸೀಳದೆ, ತಳ ಹಿಡಿದುಕೊಂಡಿರುವಂತೆ ಎರಡು ಕಡೆ ಕಚ್ಚು ಕೊಟ್ಟು ಬೆಣ್ಣೆ ತುಂಬಬೇಕು. ದಪ್ಪ ತವೆ ಕಾದ ಮೇಲೆ ಉರಿ ಸಣ್ಣದು ಮಾಡಿ ಪಾವಿಟ್ಟು, ಮೇಲೊಂದು ಬೋಗುಣಿ ಬೋರಲು ಹಾಕಬೇಕು. ಎರಡು ನಿಮಿಷಕ್ಕೆ ಬೆಣ್ಣೆ ಕರಗಿ ಅಂಚಿನಲ್ಲಿ ನೊರೆಯಾಡುತ್ತದೆ. ಹಸಿ ಘಾಟು ಹೋಗಿ ಒಗ್ಗರಣೆಯ ವಾಸನೆ ಬಂದಾಗ ಮಗುಚಬೇಕು. ಬೆಳ್ಳುಳ್ಳಿಯ ತರಿ ತಿಳಿ ಹೊನ್ನಿನ ಬಣ್ಣಕ್ಕೆ ಬಂದರೆ ಹದ. ಅಲ್ಲಿಂದ ಕಂದಾಗಲು ಹೆಚ್ಚು ಹೊತ್ತು ಬೇಕಿಲ್ಲ, ಕಂದಾದರೆ ಕಹಿ. ಚೀಸ್ ಬೇಕಾದವರು ಕೊನೆಗೆ ತುರಿದು ಹಾಕಿ, ಮತ್ತೆ ಮುಚ್ಚಿ ಒಂದು ನಿಮಿಷ ಬಿಡಬೇಕು.

ಹಿಟ್ಟು ನಾದುವವರಿಗೆ

ಬ್ರೆಡ್ಡನ್ನೂ ಮನೆಯಲ್ಲೇ ಮಾಡುತ್ತೇವೆ ಎನ್ನುವ ಹಟವಿದ್ದರೆ 250 ಗ್ರಾಂ ಮೈದಾಕ್ಕೆ ಒಂದು ಚಮಚ ಇನ್‌ಸ್ಟಂಟ್ ಯೀಸ್ಟ್, ಒಂದು ಚಮಚ ಸಕ್ಕರೆ, ಮುಕ್ಕಾಲು ಚಮಚ ಉಪ್ಪು, ಸುಮಾರು 160 ಮಿಲಿಲೀಟರ್ ನೀರು. ಜೋಳದ ಹಿಟ್ಟಿನಲ್ಲಿ ಗ್ಲುಟೆನ್ ಇಲ್ಲ, ಅದಕ್ಕೇ ಕುದಿನೀರು ಹಾಕಿ ಕಲಸುವುದು. ಮೈದಾದ ದಾರಿ ಬೇರೆ: ತಣ್ಣೀರು ಹಾಕಿದರೂ ಹತ್ತು ನಿಮಿಷ ಬಿಡದೆ ನಾದಬೇಕು, ಹಿಟ್ಟು ಎಳೆದರೆ ಹರಿಯದೆ ಹಾಳೆಯಂತೆ ತೆಳುವಾಗಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಈ ಊರುಗಳ ಉಷ್ಣಾಂಶ 40 ಡಿಗ್ರಿ ದಾಟುವುದರಿಂದ ಹಿಟ್ಟು ಬೇಗನೆ ಉಬ್ಬುತ್ತದೆ. ಪುಸ್ತಕದಲ್ಲಿ ಬರೆದಂತೆ ಒಂದು ತಾಸು ಕಾದರೆ ಹುಳಿ ಹೆಚ್ಚಾಗಿ ಕುಸಿಯಬಹುದು. ಗಡಿಯಾರ ಬಿಟ್ಟು ಹಿಟ್ಟನ್ನು ನೋಡಬೇಕು, ಎರಡರಷ್ಟಾದರೆ ಸಾಕು. ಸಾಧ್ಯವಿದ್ದರೆ ನಾದುವ ನೀರಿಗೆ ಗಡಿಗೆಯ ತಂಪು ನೀರೇ ಲೇಸು.

ನಾದಲು ಅಡುಗೆ ಕಟ್ಟೆಯ ಶಹಾಬಾದಿ ಫರಸಿ ಒಳ್ಳೆಯ ಜಾಗ, ಬೇಸಿಗೆಯಲ್ಲೂ ಅಷ್ಟು ಬೇಗ ಕಾಯುವುದಿಲ್ಲ. ಆದರೆ ಅದು ಸುಣ್ಣದ ಕಲ್ಲು. ಲಿಂಬೆ ಹುಳಿ, ವಿನೆಗರ್ ಚೆಲ್ಲಿದರೆ ಕಲ್ಲಿನ ಮೈ ತಿಂದು ಬಿಳಿ ಕಲೆ ಬೀಳುತ್ತದೆ. ಚೆಲ್ಲಿದ ಕೂಡಲೇ ಒರೆಸಬೇಕು.

ಬೇಯಿಸಲು ದಪ್ಪ ತಳದ ಡಬರಿಯಲ್ಲಿ ಎರಡು ಬೆರಳು ಎತ್ತರ ಉಪ್ಪು ಹರಡಿ, ಅದರ ಮೇಲೆ ಸಣ್ಣ ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಬೇಕು. ಬಳಿಕ ಹಿಟ್ಟಿನ ತಟ್ಟೆ ಇಟ್ಟು ಸಣ್ಣ ಉರಿಯಲ್ಲಿ ಅರ್ಧ ತಾಸಿನ ಆಸುಪಾಸು ಬೇಯಿಸಬೇಕು. ಮೇಲ್ಭಾಗ ಓವನ್ನಿನಲ್ಲಿ ಆದಷ್ಟು ಕೆಂಪಾಗುವುದಿಲ್ಲ. ಕೊನೆಗೆ ತವೆಯ ಮೇಲೆ ಮಗುಚಿದರೆ ಆ ಕೊರತೆ ನೀಗುತ್ತದೆ.

ಎಣ್ಣೆಯಲ್ಲಿ ಇಟ್ಟರೆ ಅಪಾಯ

ಒಮ್ಮೆಲೇ ಸುಲಿದು ಎಣ್ಣೆಯಲ್ಲಿ ಮುಳುಗಿಸಿಟ್ಟರೆ ವಾರವೆಲ್ಲ ನಿಶ್ಚಿಂತೆ ಎನ್ನುವವರು ಒಂದು ಪ್ರಕರಣ ತಿಳಿದಿರಬೇಕು. 1989ರಲ್ಲಿ ನ್ಯೂಯಾರ್ಕ್ ರಾಜ್ಯದ ಕಿಂಗ್‌ಸ್ಟನ್ ಎಂಬಲ್ಲಿ ಮೂವರಿಗೆ ಬೊಟುಲಿಸಂ ಎಂಬ ಗಂಭೀರ ಆಹಾರ ವಿಷಬಾಧೆ ತಗುಲಿತು. ಅವರು ತಿಂದದ್ದು ಬೆಳ್ಳುಳ್ಳಿ ಬ್ರೆಡ್. ದೋಷ ಇದ್ದದ್ದು ಎಣ್ಣೆಯಲ್ಲಿ ಹಾಕಿಟ್ಟಿದ್ದ ಬೆಳ್ಳುಳ್ಳಿಯಲ್ಲಿ. ಮಣ್ಣಿನಲ್ಲಿರುವ ಇದರ ರೋಗಾಣುವಿನ ಬೀಜಕಣಗಳು ಬೆಳೆಯಬೇಕಾದರೆ ಗಾಳಿ ಇರಬಾರದು, ಹುಳಿ ಇರಬಾರದು, ತೇವ ಇರಬೇಕು. ಎಣ್ಣೆಯೊಳಗಿನ ಹಸಿ ಎಸಳಿನಲ್ಲಿ ಮೂರೂ ಕೂಡಿಬರುತ್ತವೆ. ಅದಾದ ಮೇಲೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಇಂಥ ಉತ್ಪನ್ನಗಳಿಗೆ ಆಮ್ಲದಂಥ ರಕ್ಷಕವನ್ನು ಸೇರಿಸಲೇಬೇಕೆಂದು ಆದೇಶಿಸಿತು. ನಮ್ಮ ಶೇಂಗಾ ಹಿಂಡಿಯ ಸಂಗತಿ ಬೇರೆ, ಅದು ಒಣ ಪದಾರ್ಥ. ಬೆಳ್ಳುಳ್ಳಿ ಬೆಣ್ಣೆ ಮಿಕ್ಕರೆ ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನದಲ್ಲಿ ಮುಗಿಸಬೇಕು.

ಮಿಕ್ಕ ಆ ಬೆಣ್ಣೆಗೆ ಖಡಕ್ ರೊಟ್ಟಿ ಒಳ್ಳೆಯ ಜೋಡಿ. ಜಿಲ್ಲಾಡಳಿತದ ಬೆಂಬಲದಿಂದ ಮಹಿಳಾ ಸ್ವಸಹಾಯ ಸಂಘಗಳು ಮಾಡುವ ಜೋಳದ ರೊಟ್ಟಿ ಈಗ 'ಕಲಬುರಗಿ ರೊಟ್ಟಿ' ಎಂಬ ಹೆಸರಿನಲ್ಲೇ ಮಾರಾಟವಾಗುತ್ತಿದೆ. ಖಡಕ್ ರೊಟ್ಟಿಗೆ ಗಟ್ಟಿ ಬೆಣ್ಣೆ ಒತ್ತಿ ಸವರಿದರೆ ಪುಡಿಪುಡಿಯಾಗುತ್ತದೆ. ಕರಗಿಸಿ, ಬಟ್ಟೆಯ ತುಂಡಿನಿಂದ ತೆಳ್ಳಗೆ ಒತ್ತಬೇಕು. ಬೆಣ್ಣೆಯ ಮೈ ಮೇಲಿರುವಂತೆ ಸಣ್ಣ ಉರಿಯ ತವೆಯ ಮೇಲಿಟ್ಟು ಬೆಳ್ಳುಳ್ಳಿಯ ಹಸಿ ವಾಸನೆ ಹೋಗುವಷ್ಟು ಹೊತ್ತು ಮುಚ್ಚಿದರೆ ಸಾಕು. ಗೋಧಿ, ಮೈದಾ ಒಗ್ಗದವರೂ ತಿನ್ನಬಹುದಾದ ಈ ಬಗೆಗೆ ಚೀಸಿಗಿಂತ ಗಟ್ಟಿ ಮೊಸರು, ಮೇಲಿಷ್ಟು ಅಗಸಿ ಹಿಂಡಿ ಹೆಚ್ಚು ಹೊಂದುತ್ತದೆ.