ಕಿಳ್ಳೇಕ್ಯಾತನ ಮಾತು ಮತ್ತು ಅನಿಮೇಷನ್
ಜರ್ಮನಿಯ ಲೊಟ್ಟೆ ರೈನಿಗರ್ ಅವರ 1926ರ ‘ರಾಜಕುಮಾರ ಅಹ್ಮದನ ಸಾಹಸಗಳು’ ಇಂದಿಗೆ ಉಳಿದಿರುವ ಪೂರ್ಣಾವಧಿ ಅನಿಮೇಷನ್ ಚಿತ್ರಗಳಲ್ಲಿ ಅತ್ಯಂತ ಹಳೆಯದು. ಕತ್ತರಿಸಿ ಕೀಲು ಜೋಡಿಸಿದ ಅದರ ಆಕೃತಿಗಳು ಕನ್ನಡ ನಾಡಿನ ತೊಗಲುಗೊಂಬೆಗಳನ್ನು ನೆನಪಿಸುತ್ತವೆ. ಅಲ್ಲಿ ಕಪ್ಪು ನೆರಳು, ಇಲ್ಲಿ ಬಣ್ಣದ ನೆರಳು ಎಂಬುದಷ್ಟೇ ಮೇಲ್ನೋಟದ ಭೇದ. ನಿಜವಾದ ಭೇದವಿರುವುದು ಪ್ರದರ್ಶನದಲ್ಲಿ. ರೈನಿಗರ್ ಆಕೃತಿಗಳನ್ನು ತುಸುತುಸುವೇ ಸರಿಸಿ ಒಂದೊಂದೇ ಚೌಕಟ್ಟಾಗಿ ಚಿತ್ರೀಕರಿಸಿದರು. ಆ ಚಲನೆ ಮತ್ತೆ ಬದಲಾಗದು. ತೊಗಲುಗೊಂಬೆಯಾಟದ ವಿದೂಷಕನಾದ ಕಿಳ್ಳೇಕ್ಯಾತನಾದರೋ ಹೆಂಡತಿ ಬಂಗಾರಕ್ಕನೊಡನೆ ಜಗಳವಾಡುತ್ತ, ರಾಮಾಯಣದ ನಡುವೆಯೇ ಆಟ ನಡೆದ ಊರಿನ ಸುದ್ದಿಯೆತ್ತಿ, ಎದುರು ಕುಳಿತವರ ನಗುವಿಗೆ ತಕ್ಕಂತೆ ಮಾತು ಬೆಳೆಸುತ್ತಾನೆ. 2009ರಲ್ಲಿ ಆರಂಭವಾದ ಚಿಂಟು ಟಿ.ವಿ. ಕಾರ್ಟೂನುಗಳನ್ನು ಕನ್ನಡದಲ್ಲಿ ಮಾತನಾಡಿಸಿತು. ಮಕ್ಕಳ ಮಟ್ಟಿಗೆ ಇದು ಸಣ್ಣ ಲಾಭವಲ್ಲ. ಆದರೆ ಆ ಕನ್ನಡ ದೊಡ್ಡಬಳ್ಳಾಪುರದ ಮಗುವಿಗೂ ಬಳ್ಳಾರಿಯ ಮಗುವಿಗೂ ಒಂದೇ ಆಗಿತ್ತು.